ಕತ್ತರಿ ವಾಪಸ್ ಹೋಗುವ ದಾರಿ

ನಮ್ಮ ಮನೆಯಲ್ಲಿ ಮೂರು ಕತ್ತರಿಗಳಿದ್ದವು. ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ. "ರೀ, ಕತ್ತರಿ ಎಲ್ಲಿಟ್ರಿ?" ಅಂತ ಹೆಂಡತಿ ಕೇಳುವುದು, "ನಾನು ಮುಟ್ಟೇ ಇಲ್ಲ" ಅಂತ ನಾನು ಹೇಳುವುದು, ಮಗಳು ದಿಂಬು ಎತ್ತೆತ್ತಿ ನೋಡುವುದು. ದಿನಕ್ಕೊಂದು ಸಲವಾದರೂ ಇದು ನಡೆಯುತ್ತಿತ್ತು. ಒಂದು ಭಾನುವಾರ ನಾಲ್ಕನೆಯ ಕತ್ತರಿ ತರೋಣ ಅಂತ ಚಪ್ಪಲಿ ಹಾಕಿಕೊಂಡವನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರಿದ್ದೂ ಸಿಗದ ಮನೆಯಲ್ಲಿ ನಾಲ್ಕನೆಯದು ಮಾತ್ರ ಹೇಗೆ ಸಿಗುತ್ತದೆ?

ನಾವು ನಾಲ್ಕು ಜನ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಎಲ್ಲ ಸೇರಿ 400 ಚದರ ಅಡಿ. ಮನೆ ಚಿಕ್ಕದು, ಅದಕ್ಕೇ ಸಾಮಾನು ಚೆಲ್ಲಾಪಿಲ್ಲಿ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆ. ಆ ದಿನ ಚಪ್ಪಲಿ ಬಿಟ್ಟು ಒಳಗೆ ಬಂದು, ಕತ್ತರಿ ಹುಡುಕುವ ಬದಲು ಬೇರೊಂದು ಲೆಕ್ಕ ಹಾಕಿದೆ. ಕತ್ತರಿಯ ಜಾಗ ಯಾವುದು? ಬೀರುವಿನ ಮೇಲಿದ್ದ ಹೊಲಿಗೆ ಡಬ್ಬ. ಅಲ್ಲಿಗೆ ಅದನ್ನು ವಾಪಸ್ ಇಡಬೇಕಾದರೆ ಏನೇನು ಮಾಡಬೇಕು? ಸ್ಟೂಲ್ ತರಬೇಕು. ಹತ್ತಬೇಕು. ಡಬ್ಬದ ಮೇಲಿನ ಬಟ್ಟೆಯ ಗಂಟು ಪಕ್ಕಕ್ಕೆ ಸರಿಸಬೇಕು. ಮುಚ್ಚಳ ತೆಗೆದು, ಕತ್ತರಿ ಇಟ್ಟು, ಮುಚ್ಚಬೇಕು. ಗಂಟು ಮತ್ತೆ ಮೇಲಿಡಬೇಕು. ಇಳಿದು ಸ್ಟೂಲನ್ನು ಅದರ ಜಾಗಕ್ಕೆ ಒಯ್ಯಬೇಕು. ಎಂಟು ಕೆಲಸ, ಒಂದು ಕತ್ತರಿಗೆ.

ತೆಗೆಯುವಾಗಲೂ ಹೆಚ್ಚುಕಮ್ಮಿ ಅಷ್ಟೇ ಕೆಲಸ. ಆದರೆ ಆಗ ಅವಸರ ಇರುತ್ತದೆ. ದಾರ ಕತ್ತರಿಸಬೇಕು, ಮಗನ ಶಾಲೆಯ ಕೆಲಸ ಮುಗಿಯಬೇಕು, ಆದ್ದರಿಂದ ಹತ್ತಿ ಇಳಿಯುತ್ತೇವೆ. ಕೆಲಸ ಮುಗಿದ ಮೇಲೆ ಅವಸರವೂ ಮುಗಿಯಿತು. ಈಗ ಅದೇ ಎಂಟು ಕೆಲಸ ಮತ್ತೆ ಮಾಡು ಅಂದರೆ ಯಾರ ಕೈಯೂ ಏಳುವುದಿಲ್ಲ. ಕತ್ತರಿ ಟಿವಿ ಪಕ್ಕ ಉಳಿಯುತ್ತದೆ. ಅದರ ಮೇಲೆ ಒಂದು ಪೇಪರ್ ಬೀಳುತ್ತದೆ. ಕತ್ತರಿ ಕಳೆದುಹೋಯಿತು.

ನನಗೆ ಹೊಳೆದಿದ್ದು ಇಷ್ಟೇ. ಅಲ್ಲಿವರೆಗೆ ನಾನು ಪ್ರತಿ ವಸ್ತುವಿಗೂ ಜಾಗ ಹುಡುಕುವಾಗ "ಇದು ಎಲ್ಲಿ ಹಿಡಿಸುತ್ತದೆ?" ಅಂತ ನೋಡುತ್ತಿದ್ದೆ. ನೋಡಬೇಕಾದದ್ದು "ಸುಸ್ತಾದವನೂ ಇದನ್ನು ಇಲ್ಲಿಗೆ ವಾಪಸ್ ತರುತ್ತಾನಾ?" ಅಂತ. ಈಗ ನಮ್ಮ ಕತ್ತರಿ ಅಡುಗೆಮನೆ ಬಾಗಿಲ ಪಕ್ಕ, ಎದೆಯ ಎತ್ತರದಲ್ಲಿ, ಒಂದು ಮೊಳೆಗೆ ನೇತಾಡುತ್ತಿದೆ. ಇಡುವುದಕ್ಕೆ ಒಂದೇ ಕೆಲಸ. ಉಳಿದೆರಡರಲ್ಲಿ ಚಿಕ್ಕದು, ಮೊಂಡು ತುದಿಯದು, ಮಕ್ಕಳ ಪೆನ್ಸಿಲ್ ಡಬ್ಬಕ್ಕೆ ಹೋಯಿತು. ಇನ್ನೊಂದನ್ನು ಕೊಟ್ಟುಬಿಟ್ಟೆವು. ಒಂದೂವರೆ ವರ್ಷವಾಯಿತು, ಒಂದು ದಿನವೂ ಹುಡುಕಿಲ್ಲ.

ಇದನ್ನು ನಾನು ಚಿಕ್ಕವನಿದ್ದಾಗಲೇ ಕಣ್ಣಾರೆ ಕಂಡಿದ್ದೆ. ಮನೆಗೆ ತಂದುಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಅಪ್ಪ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದರು. ಗೋಡೆಗೆ ಒಂದು ದೊಡ್ಡ ಹಲಗೆ ಹೊಡೆದಿದ್ದರು. ಅದಕ್ಕೆ ಬಿಳಿ ಬಣ್ಣ. ಅದರ ಮೇಲೆ ಒಂದೊಂದು ಸ್ಪ್ಯಾನರ್ ಇಟ್ಟು, ಅದರ ಸುತ್ತ ಪೆನ್ಸಿಲ್ ಓಡಿಸಿ, ಆಮೇಲೆ ಆ ಗೆರೆಯೊಳಗೆ ಕಪ್ಪು ಬಣ್ಣ ತುಂಬಿದ್ದರು. 6-7, 8-9, 10-11, 12-13, ಹೀಗೆ 20-22ರವರೆಗೆ ಸಾಲಾಗಿ ಎಂಟು ಕಪ್ಪು ಆಕಾರಗಳು. ಕೆಳಗೆ ಇಕ್ಕಳ, ಸುತ್ತಿಗೆ, ಸ್ಕ್ರೂ ಡ್ರೈವರ್‌ಗಳ ಆಕಾರ. ಪ್ರತಿಯೊಂದಕ್ಕೂ ಎರಡೆರಡು ಮೊಳೆ. ಸಾಮಾನು ನೇತಾಡುತ್ತಿದ್ದರೆ ಕಪ್ಪು ಕಾಣುವುದಿಲ್ಲ. ಇಲ್ಲದಿದ್ದರೆ ಆ ಕಪ್ಪು ಆಕಾರ ದೂರದಿಂದಲೇ ಎದ್ದು ಕಾಣುತ್ತದೆ. ಓದು ಬರದ ಹುಡುಗ ಕೆಲಸಕ್ಕೆ ಸೇರಿದರೂ ಯಾವುದು ಎಲ್ಲಿಗೆ ಅಂತ ಹೇಳಿಕೊಡಬೇಕಾಗಿರಲಿಲ್ಲ. ಸಂಜೆ ಕೈ ತೊಳೆಯುವಾಗ ಅಪ್ಪ ತಿರುಗಿ ನೋಡದೆಯೇ ಕೇಳುತ್ತಿದ್ದರು, "ಹಲಗೆ ತುಂಬ್ತೇನೋ?" "ತುಂಬ್ತು" ಅಂತ ಉತ್ತರ ಬಂದ ಮೇಲೆಯೇ ದೀಪ ಆರುತ್ತಿತ್ತು.

ಜಪಾನಿನ ಕಾರ್ಖಾನೆಗಳಲ್ಲಿ ಇದಕ್ಕೆ 5ಎಸ್, ಅಂದರೆ 'ಎಸ್' ಅಕ್ಷರದಿಂದ ಶುರುವಾಗುವ ಐದು ಹೆಜ್ಜೆ, ಅನ್ನುತ್ತಾರೆ ಅಂತ ತುಂಬ ಆಮೇಲೆ ಓದಿದೆ. ಮೊದಲನೆಯದು ಸೆಯಿರಿ, ಅಂದರೆ ಬೇಕಾದದ್ದು ಬೇಡವಾದದ್ದು ಬೇರೆ ಮಾಡುವುದು. ಎರಡನೆಯದು ಸೆಯಿಟೊನ್, ಉಳಿದದ್ದಕ್ಕೆ ಜಾಗ ಗೊತ್ತುಮಾಡುವುದು. ಗುಡಿಸಿ ಒರೆಸುವುದು ಮೂರನೆಯದು. ಈ ಅನುಕ್ರಮ ಮುಖ್ಯ. ನಾನು ಮೊದಲ ಹೆಜ್ಜೆಯನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗಿದ್ದೆ. ಮನೆ ಓರಣ ಮಾಡಬೇಕು ಅನ್ನಿಸಿದ ವಾರವೇ ಮುಚ್ಚಳವಿರುವ 12 ಪ್ಲಾಸ್ಟಿಕ್ ಡಬ್ಬ ತಂದೆ. ಎದುರಿಗೆ ಕಂಡದ್ದೆಲ್ಲ ಅದರೊಳಗೆ ಹೋಯಿತು. ಎರಡು ದಿನ ಮನೆ ಚೆಂದ ಕಂಡಿತು. ಮೂರನೆಯ ದಿನ ಚಾರ್ಜರ್ ಬೇಕಾಯಿತು. ಹನ್ನೆರಡೂ ಡಬ್ಬ ಬಿಚ್ಚಿದೆವು. ನೀವು ಈಗ ಶುರು ಮಾಡುವವರಾದರೆ ದಯವಿಟ್ಟು ಡಬ್ಬ ತರಬೇಡಿ. ಎಲ್ಲ ಮುಗಿದ ಮೇಲೆ, ಏನು ಉಳಿಯಿತು, ಎಷ್ಟು ಉಳಿಯಿತು ಅಂತ ನೋಡಿ, ಅಳತೆ ತೆಗೆದುಕೊಂಡು ತನ್ನಿ. ನಮಗೆ ಕೊನೆಗೆ ಬೇಕಾದದ್ದು ನಾಲ್ಕು. ಅದರಲ್ಲೂ ಎರಡರ ಮುಚ್ಚಳ ಕಿತ್ತು ಹಾಕಿದೆ.

ಆ ಎರಡು ಮಗನವು. ಅವನಿಗೆ ಏಳು ವರ್ಷ. ಆಟದ ಸಾಮಾನನ್ನು ಕಾರು ಬೇರೆ, ಗೊಂಬೆ ಬೇರೆ, ಇಟ್ಟಿಗೆ ಬೇರೆ ಅಂತ ಜೋಡಿಸಿಕೊಟ್ಟಿದ್ದೆ. ಒಂದು ದಿನವೂ ಹಾಗೆ ಉಳಿಯಲಿಲ್ಲ. ಈಗ ನೆಲದ ಮೇಲೆ ಅಗಲ ಬಾಯಿಯ ಎರಡು ಡಬ್ಬ, ಮುಚ್ಚಳವಿಲ್ಲ. ಎಲ್ಲವನ್ನೂ ಅದಕ್ಕೆ ಎಸೆಯಬಹುದು. ಅವನು ಎಸೆಯುತ್ತಾನೆ, ಖುಷಿಯಿಂದಲೇ. ಹುಡುಕುವಾಗ ಕೈ ಹಾಕಿ ಕಲಕುತ್ತಾನೆ, ಅದು ಅವನಿಗೆ ಆಟವೇ.

ಅಡುಗೆಮನೆಯ ವಿಷಯಕ್ಕೆ ಬಂದರೆ ನನಗೆ ದಾರಿ ತೋರಿಸಿದ್ದು ನೂರು ವರ್ಷ ಹಿಂದಿನ ಒಂದು ಅಡುಗೆಮನೆ. 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಅನ್ನುವ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಣ್ಣ ಮನೆಗಳಿಗಾಗಿ ಅದನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ ಸುಮಾರು 3.4 ಮೀಟರ್. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಕಿರಿದಾದ ಜಾಗದಲ್ಲಿ ಅಷ್ಟೊಂದು ಜನರಿಗೆ ಅಡುಗೆ ಹೇಗೆ ಆಗುತ್ತದೆ ಅನ್ನುವುದನ್ನು ಅವರು ಮಾದರಿಯಾಗಿ ಇಟ್ಟುಕೊಂಡಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ ಒಲೆ, ಸಿಂಕ್, ಕಪಾಟುಗಳ ಜಾಗ ಗೊತ್ತುಮಾಡಿದರು. ಒಣ ಸಾಮಾನಿಗೆ ಹಿಡಿಕೆಯಿರುವ ಅಲ್ಯೂಮಿನಿಯಮ್ ಡ್ರಾಯರ್‌ಗಳು, ಒಂದೊಂದರ ಮೇಲೂ ಹೆಸರು. ಎಳೆದು, ಸುರಿದು, ತಳ್ಳಿದರೆ ಆಯಿತು. ಇಂಥ ಅಡುಗೆಮನೆಗಳು ಸುಮಾರು 10,000 ಕಟ್ಟಲ್ಪಟ್ಟವು.

ಅದನ್ನು ಓದಿದ ರಾತ್ರಿ ನಾನೂ ನಮ್ಮ ಅಡುಗೆಮನೆಯಲ್ಲಿ ನಿಂತು ಹೆಜ್ಜೆ ಎಣಿಸಿದೆ. ತೊಳೆದ ತಟ್ಟೆಗಳ ಗೂಡು ಸಿಂಕ್‌ನ ಎದುರು ಗೋಡೆಯಲ್ಲಿತ್ತು. ಹೋಗಲು ನಾಲ್ಕು ಹೆಜ್ಜೆ, ಬರಲು ನಾಲ್ಕು. ಒಂದು ಊಟಕ್ಕೆ ಮೂರು ನಾಲ್ಕು ಸಲ ಓಡಾಟ. ಅದಕ್ಕೇ ಯಾವಾಗಲೂ ತೊಳೆದ ಪಾತ್ರೆ ಸಿಂಕ್ ಪಕ್ಕವೇ ರಾಶಿ ಬಿದ್ದಿರುತ್ತಿತ್ತು! ಗೂಡನ್ನು ಕಿತ್ತು ಸಿಂಕ್ ಮೇಲೆಯೇ ಹೊಡೆದೆ. ಈಗ ಒದ್ದೆ ತಟ್ಟೆ ನೇರ ಅಲ್ಲಿಗೇ ಹೋಗುತ್ತದೆ, ಅಲ್ಲೇ ನೀರು ಸೋರುತ್ತದೆ, ಅಲ್ಲೇ ಇರುತ್ತದೆ. ಒರೆಸುವ ಕೆಲಸವೇ ಇಲ್ಲ. ಪಾತ್ರೆಯ ಮುಚ್ಚಳಗಳು ಒಂದರ ಮೇಲೊಂದು ಬಿದ್ದು ಸದ್ದು ಮಾಡುತ್ತಿದ್ದವು, ಅವನ್ನು ಕಪಾಟಿನ ಬಾಗಿಲ ಒಳಗಡೆ ನಿಲ್ಲಿಸಿದೆ. ಪುಸ್ತಕದ ಹಾಗೆ ಒಂದೊಂದೇ ಎಳೆಯಬಹುದು. ಒಂದರ ಮೇಲೊಂದು ಪೇರಿಸುವುದಕ್ಕಿಂತ ಸಾಲಾಗಿ ನಿಲ್ಲಿಸುವುದು ಯಾವಾಗಲೂ ಒಳ್ಳೆಯದು. ಬಟ್ಟೆಗೂ ಅಷ್ಟೇ, ಕಾಗದಕ್ಕೂ ಅಷ್ಟೇ. ರಾಶಿಯ ತಳದಲ್ಲಿರುವುದು ಇದ್ದೂ ಇಲ್ಲದ ಹಾಗೆ.

ಆಮೇಲೆ ಮಲಗುವ ಕೋಣೆಯ ಕುರ್ಚಿ. ಇದು ನಿಮ್ಮ ಮನೆಯಲ್ಲೂ ಇರಬಹುದು. ಕೂರುವುದಕ್ಕೆ ಅಂತ ಇಟ್ಟದ್ದು, ಒಬ್ಬರೂ ಕೂರುವುದಿಲ್ಲ, ಮೇಲೆ ಬಟ್ಟೆಯ ಗುಡ್ಡ. ವಾರಕ್ಕೊಮ್ಮೆ ಖಾಲಿ ಮಾಡುವುದು, ಎರಡು ದಿನಕ್ಕೆ ಮತ್ತೆ ತುಂಬುವುದು. ಒಂದು ದಿನ ಆ ಗುಡ್ಡವನ್ನು ಮಂಚದ ಮೇಲೆ ಸುರಿದು ಒಂದೊಂದನ್ನೇ ನೋಡಿದೆ. ಎರಡು ಪ್ಯಾಂಟು, ಒಂದು ಸ್ವೆಟರ್, ಮನೆಯಲ್ಲಿ ಹಾಕುವ ಅಂಗಿ, ಹೆಂಡತಿಯ ಒಂದು ಶಾಲು, ಮಗಳ ಜಾಕೆಟ್. ಎಲ್ಲವೂ ಒಂದು ಸಲ ಹಾಕಿದ್ದು. ಒಗೆಯುವಷ್ಟು ಕೊಳೆಯಾಗಿಲ್ಲ. ಒಗೆದ ಬಟ್ಟೆಯ ಜೊತೆ ಬೀರುವಿಗೆ ಇಡಲು ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಒಗೆದದ್ದಕ್ಕೆ ಜಾಗವಿತ್ತು, ಕೊಳೆಗೆ ಬುಟ್ಟಿಯಿತ್ತು, ಈ ನಡುವಿನ ಬಟ್ಟೆಗೆ ಎಲ್ಲೂ ಜಾಗವಿರಲಿಲ್ಲ. ಅದು ಪಾಪ ಕುರ್ಚಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಬಾಗಿಲ ಹಿಂದೆ ಎಂಟು ಕೊಕ್ಕೆ ಹೊಡೆದೆ. ತಲೆಗೆ ಎರಡು. ಮಕ್ಕಳದ್ದು ಅವರ ಭುಜದ ಎತ್ತರಕ್ಕೆ. ಎರಡೂ ಕೊಕ್ಕೆ ತುಂಬಿದ ಮೇಲೆ ಮೂರನೆಯದು ಬಂದರೆ ಹಳೆಯದೊಂದು ಒಗೆಯಲು ಹೋಗಬೇಕು. ಕುರ್ಚಿಯನ್ನು ಕೊಟ್ಟುಬಿಟ್ಟೆವು, ಆ ಜಾಗದಲ್ಲಿ ಮಗಳು ಈಗ ನೆಲದ ಮೇಲೆ ಕಾಲು ಚಾಚಿ ಓದುತ್ತಾಳೆ. ಒಂದು ಮೂಲೆಯಲ್ಲಿ ಪದೇ ಪದೇ ರಾಶಿ ಬೀಳುತ್ತಿದ್ದರೆ ಆ ರಾಶಿಯನ್ನು ಬಯ್ಯುವ ಮೊದಲು ಅದರಲ್ಲಿ ಏನಿದೆ ಅಂತ ನೋಡಿ. ಜಾಗ ಸಿಗದ ಯಾವುದೋ ಒಂದು ಜಾತಿಯ ಸಾಮಾನು ಅಲ್ಲಿ ಸೇರಿರುತ್ತದೆ.

ಕಾಗದ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮನೆಯ ಎಲ್ಲ ಮೂಲೆಯಿಂದ ಕಾಗದ ತಂದು ನೆಲದ ಮೇಲೆ ಹರವಿದೆ. ತೂಕ ಹಾಕಿದರೆ 17 ಕೆಜಿ. ಸಾಮಾನ್ಯ ಎ4 ಹಾಳೆ ಒಂದು 5 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ 3,400 ಹಾಳೆ. ನಾಲ್ಕು ಸಂಜೆ ಕೂತು ನೋಡಿದೆ. ಉಳಿದದ್ದು ಒಂದು ಫೈಲ್: ಜನನ ಪತ್ರ, ಅಂಕಪಟ್ಟಿ, ಮನೆಯ ಕಾಗದ, ವಿಮೆ, ಆಸ್ಪತ್ರೆಯ ವರದಿ. ಇನ್ನೊಂದು ತೆಳು ಫೈಲ್ ಆ ವರ್ಷದ ಬಿಲ್ಲುಗಳಿಗೆ. ಉಳಿದದ್ದು ರದ್ದಿ. ಖಾತೆ ನಂಬರ್, ಸಹಿ ಇದ್ದ ಹಾಳೆಗಳನ್ನು ಮಾತ್ರ ಸಣ್ಣಗೆ ಹರಿದು ಹಾಕಿದೆ.

ಆ ರಾಶಿಯಲ್ಲಿ ಒಂದು ಕವರ್ ಸಿಕ್ಕಿತು. ಮೇಲೆ ನನ್ನ ಕೈಬರಹ: "ವಾಷಿಂಗ್ ಮೆಷಿನ್ ಬಿಲ್, ಜೋಪಾನ." ಒಳಗೆ ಖಾಲಿ ಚೀಟಿ. ಎರಡೂ ಕಡೆ ಬಿಳಿ. ಅಂಗಡಿಗಳ ಮೆಷಿನ್‌ನಿಂದ ಬರುವ ಆ ನುಣುಪು ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ ಅಷ್ಟೇ. ಬಿಸಿಲು, ಸೆಕೆ, ಪ್ಲಾಸ್ಟಿಕ್ ಕವರ್, ಯಾವುದರಿಂದಲಾದರೂ ಅಕ್ಷರ ಮಾಸುತ್ತದೆ. ನಾನು ಜೋಪಾನ ಮಾಡಿದ್ದು ಪ್ಲಾಸ್ಟಿಕ್ ಕವರ್‌ನಲ್ಲೇ. ಈಗ ವಾರಂಟಿ ಇರುವ ಏನೇ ತಂದರೂ ಮನೆಗೆ ಬಂದ ಕೂಡಲೇ ಬಿಲ್ಲಿನ ಫೋಟೋ ತೆಗೆಯುತ್ತೇನೆ.

ಟಾರ್ಚಿನದೂ ಇಂಥದ್ದೇ ಕಥೆ. ಕರೆಂಟ್ ಹೋದ ರಾತ್ರಿ ಬೇಗ ಸಿಕ್ಕಿತು, ಆದರೆ ಹತ್ತಲಿಲ್ಲ. ಬಿಚ್ಚಿದರೆ ಒಳಗೆ ಬಿಳಿ ಪುಡಿ ಕಟ್ಟಿಕೊಂಡಿತ್ತು. ಆಲ್ಕಲೈನ್ ಸೆಲ್ ಖಾಲಿಯಾಗುತ್ತಾ ಹೋದಂತೆ ಒಳಗೆ ಹೈಡ್ರೋಜನ್ ಸೇರಿ ಒತ್ತಡ ಹೆಚ್ಚಿ ಒಡೆಯುತ್ತದೆ. ಹೊರಗೆ ಬರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್. ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬಾರದು. ತಿಂಗಳುಗಟ್ಟಲೆ ಬಳಸದ ಯಾವುದರಲ್ಲೂ ಸೆಲ್ ಬಿಡಬೇಡಿ. ಡ್ರಾಯರ್ ತಳದಲ್ಲಿ ಹೊಟ್ಟೆ ಉಬ್ಬಿದ ಹಳೆ ಫೋನ್ ಸಿಕ್ಕರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ದಿನದ ಕಸಕ್ಕೂ ಹಾಕುವಂತಿಲ್ಲ. ಲಿಥಿಯಮ್ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತುತ್ತದೆ, ಇ-ಕಸ ತೆಗೆದುಕೊಳ್ಳುವವರಿಗೇ ಕೊಡಬೇಕು.

ಬೀರುಗಳ ಬಗ್ಗೆ ಎರಡೇ ಮಾತು. ಹೊರಗೋಡೆಗೆ ಅಂಟಿಸಿ ಇಡಬೇಡಿ. ತಣ್ಣಗಿನ ಗೋಡೆಯ ಮೇಲೆ ತೇವ ಕೂರುತ್ತದೆ, ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ. ನಾನು ಮೂರು ಇಂಚು ಮುಂದಕ್ಕೆ ಎಳೆದೆ, ವಾಸನೆ ಹೋಯಿತು. ಒಳಗಿನ ತೇವ ಶೇಕಡಾ 60ಕ್ಕಿಂತ ಕೆಳಗಿದ್ದರೆ ಬಟ್ಟೆ ಸುರಕ್ಷಿತ. ಇನ್ನೊಂದು, ಮಕ್ಕಳಿರುವ ಮನೆಯಲ್ಲಿ ಎತ್ತರದ ಬೀರುವನ್ನು ಗೋಡೆಗೆ ಬಿಗಿದು ಕಟ್ಟಿ, ಭಾರದ್ದು ಕೆಳಗಿಡಿ. ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತುವ ಮಕ್ಕಳಿರುತ್ತಾರೆ. ನಮ್ಮವನೂ ಹತ್ತಿದ್ದ.

ಬಿಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಕೈಗೆ ಬಂದ ವಸ್ತು ನಮಗೆ ಇದ್ದಕ್ಕಿದ್ದಂತೆ ಹೆಚ್ಚು ಬೆಲೆಬಾಳುತ್ತದೆ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕಾಹ್ನೆಮನ್, ನೆಟ್ಷ್, ಥೇಲರ್ ಅನ್ನುವ ಮೂವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಒಂದೊಂದು ಮಗ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮಗ್ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟು. ಕೈಗೆ ಬಂದು ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಹಾಗಿರುವಾಗ ಹತ್ತು ವರ್ಷ ಜೊತೆಗಿದ್ದ ವಸ್ತುವನ್ನು "ಇದು ಬೇಕಾ?" ಅಂತ ಕೇಳಿದರೆ ಮನಸ್ಸು "ಬೇಕು" ಅಂತಲೇ ಹೇಳುತ್ತದೆ. ಅದಕ್ಕೆ ನಾನು ಪ್ರಶ್ನೆ ಬದಲಾಯಿಸಿದೆ. ಇದು ಮನೆಯಲ್ಲಿ ಇಲ್ಲದೇ ಇದ್ದಿದ್ದರೆ ಇವತ್ತು ಹೋಗಿ ತರುತ್ತಿದ್ದೆನಾ? ಎರಡನೆಯ ಇಸ್ತ್ರಿಪೆಟ್ಟಿಗೆ, ಒಡೆದ ಹಿಡಿಕೆಯ ಸೂಟ್‌ಕೇಸ್, ಯಾವ ಫೋನಿಗೂ ಹೊಂದದ ಒಂಬತ್ತು ಚಾರ್ಜರ್, ಎಲ್ಲ ಆ ಒಂದು ಪ್ರಶ್ನೆಗೆ ಹೊರಟವು.

ಆದರೆ ಈ ಪ್ರಶ್ನೆ ನನ್ನ ವಸ್ತುವಿಗೆ ಮಾತ್ರ. ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ, ಇವತ್ತಿಗೂ ನೋಯುತ್ತದೆ. ಹುರುಪಿನಲ್ಲಿ ಮಗಳ ಮೇಜನ್ನೂ ಖಾಲಿ ಮಾಡಿದೆ. ಒಂದು ತಗಡಿನ ಡಬ್ಬದ ತುಂಬ ಪೆನ್ಸಿಲ್ ತುಂಡುಗಳು, ಬೆರಳಿನಲ್ಲಿ ಹಿಡಿಯಲೂ ಆಗದಷ್ಟು ಚಿಕ್ಕವು. ಕಸಕ್ಕೆ ಹಾಕಿದೆ. ಸಂಜೆ ಬಂದು ಡಬ್ಬ ಹುಡುಕಿದಳು. ಒಂದನೇ ತರಗತಿಯಿಂದ ಬರೆದು ಮುಗಿಸಿದ ಪ್ರತಿಯೊಂದು ಪೆನ್ಸಿಲ್ಲೂ ಅದರಲ್ಲಿತ್ತಂತೆ. ಓಡಿಹೋಗಿ ನೋಡಿದೆ, ಕಸದ ಗಾಡಿ ಹೋಗಿಯಾಗಿತ್ತು. "ಅಪ್ಪಾ, ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ಅಲ್ವಾ?" ಅಂದಳು. ಕೂಗಾಡಲಿಲ್ಲ. ಆಮೇಲೆ ಅವಳಿಗೆ ಒಂದು ಗೂಡು ಪೂರ್ತಿ ಬಿಟ್ಟುಕೊಟ್ಟೆ. ಅದರಲ್ಲಿ ಏನಿರಬೇಕು ಏನಿರಬಾರದು ಅನ್ನುವುದು ಅವಳಿಗೆ ಬಿಟ್ಟದ್ದು. ತುಂಬಿದರೆ ಅವಳೇ ತೆಗೆಯಬೇಕು. ಹೆಂಡತಿಯ ವಸ್ತುವಿಗೂ ಅದೇ ಮಾತು, ಕೇಳದೆ ಮುಟ್ಟುವುದಿಲ್ಲ.

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ನಾಲ್ವರೂ ಎದ್ದು ಓಡಾಡುತ್ತೇವೆ. ನೆಲ ಮತ್ತು ಮೇಜು, ಇವೆರಡೇ. ಬೀರುವಿನೊಳಗೆ ಏನಾಗಿದೆ ಅಂತ ಆ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ. ಕೈ ತೊಳೆಯುತ್ತಾ ನಾನೂ ಕೇಳುತ್ತೇನೆ, "ಹಲಗೆ ತುಂಬ್ತಾ?" ಮಗ ಒಳಗಿನಿಂದ "ತುಂಬ್ತು" ಅನ್ನುತ್ತಾನೆ. ಯಾವ ಹಲಗೆ ಅಂತ ಅವನು ಇನ್ನೂ ಕೇಳಿಲ್ಲ.

ಮುಗಿಯದ ಕೆಲಸ ಒಂದಿದೆ. ಅಮ್ಮನ ಟ್ರಂಕು. ಅಮ್ಮ ಹೋಗಿ ಆರು ವರ್ಷವಾಯಿತು. ಒಳಗೆ ಕಾಗದಗಳಿವೆ, ಅಪ್ಪ ಮದುವೆಗೆ ಮುಂಚೆ ಬರೆದದ್ದು, ಅಕ್ಕ ಹಾಸ್ಟೆಲಿನಿಂದ ಬರೆದದ್ದು, ಇನ್ನೂ ಏನೇನೋ. ಒಂದು ಸಲ ಮುಚ್ಚಳ ಎತ್ತಿದೆ. ಅಮ್ಮನ ಬೀರುವಿನ ವಾಸನೆ ಬಂತು. ಮುಚ್ಚಿಬಿಟ್ಟೆ. ಅಕ್ಕನಿಗೆ ಫೋನ್ ಮಾಡಿದೆ. "ನೀನೊಬ್ನೇ ಬಿಚ್ಬೇಡ ಕಣೋ, ನಾನ್ ಬರ್ತೀನಿ. ಇಬ್ರೂ ಕೂತು ಓದೋಣ" ಅಂದಳು. ರಜೆ ಸಿಗಬೇಕು, ಮಕ್ಕಳ ಪರೀಕ್ಷೆ ಮುಗಿಯಬೇಕು.

ಅಲ್ಲಿವರೆಗೆ ಟ್ರಂಕು ನಮ್ಮ ಮಂಚದ ಕೆಳಗೆ ಇರುತ್ತದೆ. ನಾಲ್ಕು ಮರದ ತುಂಡಿನ ಮೇಲೆ ಎತ್ತಿ ಇಟ್ಟಿದ್ದೇನೆ. ಪೊರಕೆ ಅದರ ಕೆಳಗೂ ಸುತ್ತಲೂ ಸರಾಗವಾಗಿ ಹೋಗುತ್ತದೆ.